‘54 ಲಕ್ಷ ಬಲಿ’ಯ ಲೆಕ್ಕ

ಈಗಷ್ಟೇ ಟಿವಿ ಆಫ್ ಮಾಡಿದೆ. ಮಧ್ಯ ಆಫ್ರಿಕಾದ ಕಾಂಗೋ ದೇಶದ ಬಗ್ಗೆ ಚರ್ಚೆ. ಕೆಳಗಡೆ ಕೆಂಪು ಪಟ್ಟಿ: ‘ಕಾಂಗೋ ಯುದ್ಧಕ್ಕೆ 54 ಲಕ್ಷ ಬಲಿ’. ಕೂತಿದ್ದ ತಜ್ಞರೊಬ್ಬರು ಅದಕ್ಕೂ ಒಂದು ಕೈ ಮೇಲೆ ಹೋಗಿ, ‘54 ಲಕ್ಷ ಜನರನ್ನು ಕೊಂದುಹಾಕಿದರು’ ಅಂದರು. ನಿರೂಪಕರು ತಲೆಯಾಡಿಸಿದರು. ಜಾಹೀರಾತು ಬಂತು.

ನನ್ನ ಸಿಟ್ಟು ಯಾಕೆ ಅಂತ ಇಲ್ಲಿರುವವರಿಗೆ ಗೊತ್ತು. ಸಂಘರ್ಷದ ಅಂಕಿಅಂಶ ನೋಡುವುದೇ ಕಸುಬಾದವರಿಗೆ ಈ ‘ಬಲಿ’ ಅನ್ನುವ ಪದ ಕಣ್ಣಿಗೆ ಬಿದ್ದ ಮೆಣಸಿನಪುಡಿ. ನಮ್ಮ ಸುದ್ದಿಗಳಲ್ಲಿ ಡೆಂಗಿಗೂ ಬಲಿ, ಲಾರಿಗೂ ಬಲಿ, ಸೆಲ್ಫಿಗೂ ಬಲಿ, ಯುದ್ಧಕ್ಕೂ ಬಲಿ. ಕೊಂದವರು ಯಾರು, ಸತ್ತವರು ಹೇಗೆ ಸತ್ತರು, ಎರಡನ್ನೂ ಒಂದೇ ತುತ್ತಿಗೆ ನುಂಗುವ ಪದ.

54 ಲಕ್ಷ ಸುಳ್ಳೇ ಅಂದರೆ, ಸುಳ್ಳಲ್ಲ. ಅದು ಬೇರೆಯೇ ಪ್ರಶ್ನೆಗೆ ಬಂದ ಉತ್ತರ. ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ನೆರವು ಸಂಸ್ಥೆ 2000ದಿಂದ 2007ರವರೆಗೆ ಕಾಂಗೋದಲ್ಲಿ ಐದು ಸಮೀಕ್ಷೆ ಮಾಡಿ, ಕೊನೆಯ ವರದಿಯನ್ನು 2008ರ ಜನವರಿಯಲ್ಲಿ ಹೊರತಂದಿತು. ಅವರು ಹೆಣ ಎಣಿಸಲಿಲ್ಲ. ಮನೆ ಎಣಿಸಿದರು. ಕೊನೆಯ ಸುತ್ತಿನಲ್ಲಿ 35 ಆರೋಗ್ಯ ವಲಯಗಳ 14,000 ಮನೆಗಳು. ಪ್ರತಿ ಮನೆಯಲ್ಲೂ ಸರಳ ಪ್ರಶ್ನೆ: ಇಂಥ ದಿನದಿಂದ ಈಚೆಗೆ ಈ ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ವಯಸ್ಸೆಷ್ಟು? ಏನಾಗಿತ್ತು? ಅದರಿಂದ ತಿಂಗಳಿಗೆ ಸಾವಿರಕ್ಕೆ ಎಷ್ಟು ಸಾವು ಅಂತ ದರ ಸಿಗುತ್ತದೆ. ಕೊನೆಯ ಸುತ್ತಿನಲ್ಲಿ ಸಿಕ್ಕಿದ್ದು 2.2. ಯುದ್ಧ ಇಲ್ಲದಿದ್ದರೂ ಇಷ್ಟು ಜನ ಸಾಯುತ್ತಿದ್ದರು ಅನ್ನುವ ಮೂಲದರವನ್ನು ಅದರಿಂದ ಕಳೆಯಬೇಕು. ಉಳಿದದ್ದನ್ನು ಜನಸಂಖ್ಯೆಯಿಂದಲೂ ತಿಂಗಳುಗಳಿಂದಲೂ ಗುಣಿಸಬೇಕು. ಬಂದದ್ದು ‘ಹೆಚ್ಚುವರಿ ಸಾವು’. ಯುದ್ಧ ಶುರುವಾದ 1998ರ ಆಗಸ್ಟ್‌ನಿಂದ 2007ರ ಏಪ್ರಿಲ್‌ವರೆಗಿನ ಅಂಥ ಸಾವುಗಳ ಅಂದಾಜೇ ಈ 54 ಲಕ್ಷ.

ಇಡೀ ಲೆಕ್ಕ ನಿಂತಿರುವುದು ಆ ಕಳೆಯುವ ಸಂಖ್ಯೆಯ ಮೇಲೆ. ಸಂಸ್ಥೆ ಹಿಡಿದದ್ದು 1.5, ಸಹಾರಾದ ದಕ್ಷಿಣದ ಆಫ್ರಿಕಾದ ಸರಾಸರಿ. ಯುದ್ಧಕ್ಕೆ ಮೊದಲೇ ಆಸ್ಪತ್ರೆ, ರಸ್ತೆ ಎಲ್ಲ ಕುಸಿದಿದ್ದ ಕಾಂಗೋಗೆ ಆ ಸರಾಸರಿ ಹೇಗೆ ಹೊಂದುತ್ತದೆ ಅಂತ ಕೆನಡಾದ ಹ್ಯೂಮನ್ ಸೆಕ್ಯುರಿಟಿ ರಿಪೋರ್ಟ್ ತಂಡ ಕೇಳಿತು. ಅದನ್ನು 2.0 ಮಾಡಿ ನೋಡಿದರೆ ಸಂಸ್ಥೆಯ ಲೆಕ್ಕದಲ್ಲಿ 2001ರ ಮೇಯಿಂದ 2007ರ ಏಪ್ರಿಲ್‌ವರೆಗಿನ ಪಾಲಾದ 28.3 ಲಕ್ಷ, ಸುಮಾರು 8.6 ಲಕ್ಷಕ್ಕೆ ಇಳಿಯುತ್ತದೆ. ನಂಬಿಕೆ ಬರದಿದ್ದರೆ ನೀವೇ ಲೆಕ್ಕ ಹಾಕಿ. ಸಾವಿರಕ್ಕೆ ಅರ್ಧ ಸಾವಿನ ವ್ಯತ್ಯಾಸ, ಜನಸಂಖ್ಯೆ ಸುಮಾರು 5.5 ಕೋಟಿ ಅಂದರೆ ತಿಂಗಳಿಗೆ 27,500. ಅದು 72 ತಿಂಗಳಿಗೆ 19.8 ಲಕ್ಷ. ಮೂಲದರವನ್ನು ಬರೀ 0.5 ಏರಿಸಿದ್ದಕ್ಕೆ ಕಾಗದದ ಮೇಲೆ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ಬದುಕಿಕೊಂಡರು!

ಇನ್ನೂ ಇದೆ. ಕಾಂಗೋದಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ, ಹಾಗಾಗಿ ಗುಣಿಸುವ ಜನಸಂಖ್ಯೆಯೂ ಅಂದಾಜೇ. ಇಡೀ ಮನೆಯೇ ಅಳಿದಿದ್ದರೆ ಬಾಗಿಲು ತೆರೆದು ಉತ್ತರ ಹೇಳುವವರೇ ಇಲ್ಲ. ಅಲ್ಲಿ ಲೆಕ್ಕ ಕಮ್ಮಿಯಾಗುತ್ತದೆ. ತಪ್ಪು ಎರಡೂ ಕಡೆಗೆ ವಾಲಬಲ್ಲದು. ಇದನ್ನೆಲ್ಲ ‘ಬಲಿ’ ಹೇಳುತ್ತದಾ?

ಸತ್ತದ್ದು ಯಾತಕ್ಕೆ ಅನ್ನುವುದು ಅದೇ ವರದಿಯಲ್ಲೇ ಇದೆ. ಜ್ವರ, ಮಲೇರಿಯಾ, ಭೇದಿ, ನ್ಯುಮೋನಿಯಾ, ಅಪೌಷ್ಟಿಕತೆ. ಕೊನೆಯ ಸುತ್ತಿನ ಸಾವುಗಳಲ್ಲಿ ನೇರ ಹಿಂಸೆಯ ಪಾಲು ಶೇ 0.4. ಜನಸಂಖ್ಯೆಯಲ್ಲಿ ಶೇ 19 ಇದ್ದ ಐದು ವರ್ಷದೊಳಗಿನ ಮಕ್ಕಳು ಸಾವಿನಲ್ಲಿ ಶೇ 47. 54 ಲಕ್ಷದಲ್ಲಿ 21 ಲಕ್ಷ ಸಾವು ಯುದ್ಧ ‘ಮುಗಿದಿದೆ’ ಎಂದು 2002ರಲ್ಲಿ ಸಹಿ ಬಿದ್ದ ಮೇಲಿನವು. ಕೊಂದುಹಾಕಿದರಂತೆ!

ಹೌದು, ನಿಜಕ್ಕೂ ಕೊಲೆಯಾದವರನ್ನು ಎಣಿಸುವ ಪದ್ಧತಿಯೂ ಇದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಯೋಜನೆಯಲ್ಲಿ ಒಂದು ವರ್ಷಕ್ಕೆ ಕನಿಷ್ಠ 25 ಸಾವು ಇದ್ದರೆ ಮಾತ್ರ ಅದು ಸಂಘರ್ಷ, 1,000 ಮುಟ್ಟಿದರೆ ಯುದ್ಧ. ಕೊಂದವರು ಯಾವ ಪಡೆ ಅಂತ ಗೊತ್ತಿರಬೇಕು, ಘಟನೆಗೆ ವರದಿ ಇರಬೇಕು. ಪ್ರತಿ ಘಟನೆಗೂ ಕಡಿಮೆ, ಹೆಚ್ಚು, ನಂಬಬಹುದಾದದ್ದು ಅಂತ ಮೂರು ಅಂಕಿ. ಹಸಿವು, ರೋಗ ಇಲ್ಲಿ ಲೆಕ್ಕಕ್ಕಿಲ್ಲ. ಇದರ ರೋಗ ಬೇರೆ: ಪತ್ರಕರ್ತರನ್ನು ಹೊರಗಿಟ್ಟು ಫೋನ್, ಇಂಟರ್ನೆಟ್ ಕಡಿದರೆ ಸಾವು ನಡೆದರೂ ಪಟ್ಟಿಗೆ ಬರುವುದಿಲ್ಲ. 2020ರಿಂದ 2022ರವರೆಗೆ ಇಥಿಯೋಪಿಯಾದ ಟಿಗ್ರೇಯಲ್ಲಿ ಆದದ್ದು ಇದೇ. ಎಷ್ಟೋ ಸಾವು ಲೆಕ್ಕಕ್ಕೆ ಸಿಕ್ಕಿದ್ದು ತಡವಾಗಿ. ಹೀಗೆ ಉಪ್ಸಾಲಾದ ಅಂಕಿಯನ್ನೂ ಕಾಂಗೋ ಸಮೀಕ್ಷೆಯ ಅಂಕಿಯನ್ನೂ ಒಂದೇ ಪಟ್ಟಿಯಲ್ಲಿಟ್ಟು ‘ಯಾವ ಯುದ್ಧ ದೊಡ್ಡದು’ ಅಂತ ಕೇಳುವುದು ಸೇರಿನಲ್ಲಿ ಅಳೆದದ್ದನ್ನೂ ಮಾರಿನಲ್ಲಿ ಅಳೆದದ್ದನ್ನೂ ಕೂಡಿಸಿದ ಹಾಗೆ.

ಈಗ ಕಮೆಂಟಿನಲ್ಲಿ ಬರುವುದು ಗೊತ್ತು: ‘ಎಂಟು ಲಕ್ಷವಾದರೇನು, ಐವತ್ತಾದರೇನು, ಸತ್ತವರು ಸತ್ತರಲ್ಲ, ಹೆಣದ ಮುಂದೆ ಲೆಕ್ಕ ಯಾಕೆ?’ ಕೇಳಲು ಬಹಳ ಮಾನವೀಯ. ಆದರೆ ಹಿಂಸೆಯ ಪಾಲು ಶೇ 0.4 ಅಂತ ಓದಿದವರು ದಡಾರ ಲಸಿಕೆ, ಸೊಳ್ಳೆ ಪರದೆ ಕಳಿಸುತ್ತಾರೆ; ‘ಕೊಂದುಹಾಕಿದರು’ ಅಂತ ಓದಿದವರು ಸೈನಿಕರನ್ನು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಲೆಕ್ಕ ತಗ್ಗಿದರೆ ಅಪರಾಧವೂ ತಗ್ಗುತ್ತದೆ ಅನ್ನುವವರು 1990ರ ದಶಕದ ಬೋಸ್ನಿಯಾ ಯುದ್ಧ ನೋಡಲಿ. ಯುದ್ಧದ ಹೊತ್ತಿಗೆ ಎರಡು ಲಕ್ಷ ಅನ್ನುತ್ತಿದ್ದರು. ಆಮೇಲೆ ಸರಾಯೆವೋದ ಸಂಶೋಧನಾ ಕೇಂದ್ರವೊಂದು ಒಬ್ಬೊಬ್ಬರ ಹೆಸರು ಹಿಡಿದು ಎಣಿಸಿತು, ಒಂದು ಲಕ್ಷದ ಆಸುಪಾಸಿಗೆ ಬಂತು. ಅದರಿಂದ ಅಲ್ಲಿನ ಸ್ರೆಬ್ರೆನಿತ್ಸಾ ಪಟ್ಟಣದ ಎಂಟು ಸಾವಿರ ಚಿಲ್ಲರೆ ಕೊಲೆಗಳು ಅಳಿಸಿಹೋಗಲಿಲ್ಲ. ಹೆಸರಿದ್ದದ್ದಕ್ಕೇ ಅಲ್ಲಗಳೆಯುವುದು ಕಷ್ಟವಾಯಿತು.

ಒಪ್ಪಿಕೊಳ್ಳುತ್ತೇನೆ, ಆ 54 ಲಕ್ಷವನ್ನು ನಾನೂ ಒಂದು ಕಾಲಕ್ಕೆ ಹೀಗೇ ಒದರಿದ್ದೇನೆ. ಎದುರಿಗಿರುವವರು ಬೆಚ್ಚಿಬೀಳಲಿ ಅಂತ. ಬಿದ್ದರು ಕೂಡ. ಅದಕ್ಕೇ ಇಷ್ಟು ಉರಿ.

ಕೆಂಪು ಪಟ್ಟಿಯಲ್ಲಿ ಜಾಗ ಇರುವುದಿಲ್ಲ ಸಾರ್ ಅನ್ನುತ್ತಾರೆ ಟಿವಿ ಡೆಸ್ಕಿನವರು. ‘ಬಲಿ’ ಎರಡಕ್ಷರ. ‘ಸಾವು’ ಕೂಡ ಎರಡೇ. ಎಣಿಸಿ ನೋಡಿ.