ಬೆಟ್ಟ ಬಿಟ್ಟು ಬಂದ ಬಾಣಂತಿ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರ ಸೂಟ್‌ಕೇಸಿನಲ್ಲಿ ಏನಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಂಟಿನುಂಡೆ, ಓಮ, ಬಜೆ, ಮೆಣಸಿನ ಸಾರಿನ ಪುಡಿ. ಇದನ್ನೆಲ್ಲ ಹೊತ್ತು ಸ್ಯಾನ್ ಡಿಯೇಗೊದ ಮಗಳ ಮನೆ ಸೇರಿದರೆ, ಅಲ್ಲಿ ನನಗಿಂತ ಮೊದಲೇ ಇನ್ನೊಬ್ಬ ಬಾಣಂತಿ ಬಂದು ಕೂತಿದ್ದಳು. ಮುಂಬಾಗಿಲ ಪಕ್ಕ ತೂಗುಹಾಕಿದ ಹೂಕುಂಡದಲ್ಲಿ ಅವಳ ಬಿಡಾರ.

"ಅಮ್ಮಾ, ಆ ಕುಂಡಕ್ಕೆ ಮಾತ್ರ ನೀರು ಹಾಕ್ಬೇಡ. ಆ ಬಾಗ್ಲೂ ತೆಗೀಬೇಡ, ಗರಾಜಿಂದ ಓಡಾಡು" ಅಂದಳು ಮಗಳು. ಮೊಟ್ಟೆಯಿರುವ ಗೂಡನ್ನು ಈ ದೇಶದಲ್ಲಿ ಮುಟ್ಟುವಂತಿಲ್ಲ. ಅದಕ್ಕೆ 1918ರಷ್ಟು ಹಳೆಯ ಕಾಯಿದೆಯೇ ಇದೆ. ಸಾಲದ ಕಂತು ಕಟ್ಟುವವರು ಗರಾಜಿನಲ್ಲಿ ನುಸುಳಬೇಕು, ಬಾಡಿಗೆಯನ್ನೂ ಕೊಡದವಳಿಗೆ ಮುಂಬಾಗಿಲು!

ಹಕ್ಕಿಯ ಹೆಸರು ಜಂಕೊ. ಗುಬ್ಬಚ್ಚಿಯಷ್ಟೇ ಗಾತ್ರ. ಕತ್ತಿನವರೆಗೂ ಎಳೆದ ಕಪ್ಪು ಕುಲಾವಿ, ಕಂದು ಬೆನ್ನು, ಬಿಳಿ ಹೊಟ್ಟೆ, ತೆಳು ಗುಲಾಬಿ ಕೊಕ್ಕು. ಹಾರಿದಾಗ ಬಾಲದ ಎರಡೂ ಅಂಚಿನಲ್ಲಿ ಬಿಳಿ ಗರಿ ಫಳಕ್ಕನೆ ಮಿಂಚುತ್ತದೆ. ಅವಳು ಮೇಯಲು ಹೋದ ಹೊತ್ತು ನೋಡಿ, ಕಿಟಕಿಯ ಒಳಗಿಂದಲೇ ಸ್ಟೂಲು ಹತ್ತಿ ಇಣುಕಿದೆ. ಒಣಹುಲ್ಲಿನ ಬಟ್ಟಲು, ಒಳಗೆ ಯಾವುದೋ ನಾಯಿಯ ಕೂದಲಿನ ಮೆತ್ತೆ, ಅದರ ಮೇಲೆ ನಾಲ್ಕು ಮೊಟ್ಟೆ. ದಪ್ಪ ತುದಿಯಲ್ಲಿ ಕಂದು ಚುಕ್ಕೆ. ಕಾವು ಕೊಡುವುದೆಲ್ಲ ಅವಳೇ. ಗಂಡ ಎದುರಿನ ಬೇಲಿಯ ಮೇಲೆ ಕೂತು 'ಟಿಕ್ ಟಿಕ್' ಎಂದು ನನ್ನನ್ನು ಗದರುತ್ತಿದ್ದ.

ಈ ಸೀಮೆಯಲ್ಲಿ ಗೂಡು ಕಟ್ಟುವ ಜಂಕೊಗಳೆಂದರೆ ಮೊದಲೆಲ್ಲ ಬೆಟ್ಟದವರೇ. ಸ್ಯಾನ್ ಡಿಯೇಗೊದ ಪೂರ್ವಕ್ಕೆ ಲಗೂನಾ ಬೆಟ್ಟಸಾಲು, ಸುಮಾರು 6,000 ಅಡಿ ಎತ್ತರ, ಪೈನ್ ಮರಗಳ ಕಾಡು. ಅಲ್ಲಿ ನೆಲದ ಮೇಲೇ ಹುಲ್ಲಿನ ಮರೆಯಲ್ಲಿ ಗೂಡು. ಹಿಮ ಬೀಳುವ ಕಾಲಕ್ಕೆ ಕಡಲ ಕಡೆ ಇಳಿದುಬಂದು, ಬಿಸಿಲೇರಿದಾಗ ಮೇಲೆ ಹೋಗುವುದು ಜಂಕೊಗಳ ವಾಡಿಕೆ. 1980ರ ದಶಕದ ಆರಂಭದಲ್ಲಿ ಕೆಲವು ಜೋಡಿಗಳು ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲೇ ಸಂಸಾರ ಹೂಡಿದವು. ಚಳಿಗೆಂದು ಬಂದವು ಹಿಂದಿರುಗಲಿಲ್ಲ ಎಂಬುದು ಒಂದು ಊಹೆ. ನನಗೇನೂ ಆಶ್ಚರ್ಯವಿಲ್ಲ. ನೀರು ಹಾಯಿಸಿದ ಹುಲ್ಲುಹಾಸು, ಕಡಲ ತಂಪು, ಊಟಕ್ಕೆ ಕೊರತೆಯಿಲ್ಲ. ಇಷ್ಟಿದ್ದ ಮೇಲೆ ಹೆರಿಗೆಗೆ ಬೆಟ್ಟ ಹತ್ತುವ ಕರ್ಮ ಯಾರಿಗೆ ಬೇಕು?

ಪಮೇಲಾ ಯೇ ಮತ್ತು ಟ್ರೆವರ್ ಪ್ರೈಸ್ ಎಂಬ ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನುಹತ್ತಿ ಬೇಕಾದಷ್ಟು ಬರೆದಿದ್ದಾರೆ. ಬೆಟ್ಟದಲ್ಲಿ ಗೂಡು ಕಟ್ಟಿ ಮರಿ ಮಾಡಲು ಸಿಗುವ ಕಾಲ ಚಿಕ್ಕದು. ಕೆಳಗೆ ಅದರ ಎರಡು ಪಟ್ಟಿಗೂ ಹೆಚ್ಚು. ಒಂದು ಸಂಸಾರ ಹಾರಿಹೋಗುತ್ತಲೇ ಮತ್ತೊಂದು. ಹಾಡು ವಾಹನಗಳ ಗದ್ದಲಕ್ಕೆ ಮೇಲಾಗುವಂತೆ ಎತ್ತರದ ಶ್ರುತಿಗೇರಿದೆ. ಮನುಷ್ಯರ ಭಯವೂ ಕಡಿಮೆ. ಆದರೆ ನನಗೆ ಬಹಳ ಹಿಡಿಸಿದ್ದು ಬಾಲದ ಸಂಗತಿ. ಪಟ್ಟಣಕ್ಕಿಳಿದ ಜಂಕೊಗಳ ಬಾಲದಲ್ಲಿ ಬಿಳಿ ಐದರಲ್ಲೊಂದು ಪಾಲಿಗೂ ಹೆಚ್ಚು ಇಳಿದಿದೆ. ಆ ಬಿಳಿ ಗರಿ ಗಂಡುಗಳ ಠೀವಿ. ಹೆಣ್ಣನ್ನು ಒಲಿಸಲು, ಎದುರಾಳಿಯನ್ನು ಹೆದರಿಸಲು ಬೇಕು. ಇಲ್ಲಿ ಮರಿ ಸಾಕುವ ಕೆಲಸವೇ ತಿಂಗಳುಗಟ್ಟಲೆ ಇರುವುದರಿಂದ ಶೋಕಿಗಿಂತ ಸಂಸಾರ ನಿಭಾಯಿಸುವವನಿಗೇ ಲಾಭವೆಂದು ಅವರ ತರ್ಕ. ಆಗ ತಾನೇ ಮಗುವಿನ ಡಯಾಪರ್ ಬದಲಿಸಿ ಬಂದ ಅಳಿಯನಿಗೆ ಇದನ್ನು ಹೇಳಿದೆ. ಬೋಳಾಗುತ್ತಿದ್ದ ನೆತ್ತಿಯ ಮೇಲೆ ಕೈಯಾಡಿಸಿಕೊಂಡ, ಪಾಪ.

ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲೂ ಜಂಕೊಗಳು ಬೀಡುಬಿಟ್ಟಿವೆ. ಅಲ್ಲಿನವುಗಳ ಕೊಕ್ಕಿನ ಆಕಾರ ಕಾಡಿನವಕ್ಕಿಂತ ಬೇರೆ. ಕೋವಿಡ್ ಬಂದು ವಿದ್ಯಾರ್ಥಿಗಳು ಮನೆಗೆ ಹೋದರು. ಬ್ರೆಡ್ಡಿನ ಚೂರು, ಚಿಪ್ಸಿನ ಪುಡಿ ಉದುರಿಸುವವರಿಲ್ಲದಾಯಿತು. ಆಮೇಲೆ ಹುಟ್ಟಿದ ಮರಿಗಳ ಕೊಕ್ಕು ಕಾಡಿನ ಬಂಧುಗಳದನ್ನೇ ಹೋಲತೊಡಗಿತು. ಜನ ಮರಳಿದ ಮೇಲೆ ಬಂದ ಪೀಳಿಗೆಯಲ್ಲಿ ಮತ್ತೆ ಪಟ್ಟಣದ ಕೊಕ್ಕು. ಪಥ್ಯದ ಮಹಿಮೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮಗಳ ತಟ್ಟೆಗೆ ಮೆಣಸಿನ ಸಾರು ಬಡಿಸಿದೆ.

"ನನ್ನ ಕೊಕ್ಕು ಹೇಗಾದ್ರೂ ಆಗ್ಲಿ ಅಮ್ಮ, ರಾತ್ರಿಗೆ ಪಿಜ್ಜಾ ತರಿಸ್ತೀನಿ" ಅಂದಳು.