ರೈಟ್ ಸಹೋದರರ ಮೇಲೆ ಸಿಟ್ಟಿಲ್ಲ, ಆದರೂ...

ವಿಮಾನ ಅಂದ ತಕ್ಷಣ ರೈಟ್ ಸಹೋದರರ ಹೆಸರು. ಮೊದಲು ಹಾರಿದ್ದು ಅವರೇ, ತಕರಾರಿಲ್ಲ. ಆದರೆ ಅದನ್ನು ಕಾಸು ಕೊಟ್ಟು ಕೊಳ್ಳುವ ಸರಕು ಮಾಡಿದ ಗ್ಲೆನ್ ಕರ್ಟಿಸ್‌ನ ಹೆಸರು ನಾನು ಶಾಲೆ ಮುಗಿಸುವವರೆಗೂ ಕೇಳಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಪುಟ್ಟ ಊರಿನ ಸೈಕಲ್ ಅಂಗಡಿಯವ. ಎಂಟನೇ ಕ್ಲಾಸಿಗೇ ಓದು ಮುಗಿಸಿದವ. ಸೈಕಲ್ಲಿಗೆ ಎಂಜಿನ್ ಕಟ್ಟುವ ಹುಚ್ಚಿನಲ್ಲಿ ಮೊದಲ ಕಾರ್ಬ್ಯುರೇಟರನ್ನು ಟೊಮೆಟೊ ಡಬ್ಬಿಯಲ್ಲೇ ಮಾಡಿಕೊಂಡನಂತೆ! 1907ರಲ್ಲಿ ತಾನೇ ಮಾಡಿದ ಎಂಟು ಸಿಲಿಂಡರಿನ ಮೋಟಾರ್‌ಸೈಕಲ್ ಮೇಲೆ ಗಂಟೆಗೆ 136 ಮೈಲಿ ಓಡಿಸಿದ. ಟೆಲಿಫೋನಿನ ಗ್ರಹಾಂ ಬೆಲ್ ತನ್ನ ವಿಮಾನದ ತಂಡಕ್ಕೆ ಇವನನ್ನು ಕರೆದುಕೊಂಡದ್ದು ಈ ಎಂಜಿನ್‌ಗಳಿಗಾಗಿಯೇ. 1908ರ ಜುಲೈ 4ರಂದು ಜನರೆದುರೇ ‘ಜೂನ್ ಬಗ್’ ಎಂಬ ವಿಮಾನ ಹಾರಿಸಿ ಟ್ರೋಫಿ ಗೆದ್ದ. ಮರುವರ್ಷ ವಿಮಾನವೊಂದನ್ನು ಮಾರಿಯೂಬಿಟ್ಟ.

ಅಲ್ಲಿಗೆ ಶುರುವಾಯಿತು ಕೋರ್ಟು ಕಚೇರಿ. ರೈಟ್ ವಿಮಾನ ವಾಲದಂತೆ ರೆಕ್ಕೆಯನ್ನೇ ತಿರುಚುತ್ತಿತ್ತು. ಕರ್ಟಿಸ್‌ನದಕ್ಕೆ ಬೇರೆಯೇ ಸಣ್ಣ ಫಲಕಗಳು, ಏಲೆರಾನ್. ಅದೂ ನಮ್ಮ ಪೇಟೆಂಟಿಗೇ ಸೇರಿದ್ದು ಅಂತ ರೈಟ್‌ಗಳ ವಾದ. 1914ರಲ್ಲಿ ಗೆದ್ದರು ಕೂಡ. ಕಾನೂನು ಅವರ ಕಡೆಗಿತ್ತು, ಒಪ್ಪೋಣ. ಆದರೆ ಇವತ್ತು ನಾವು ಹತ್ತುವ ವಿಮಾನದ ಕಿಟಕಿಯಿಂದ ನೋಡಿ, ರೆಕ್ಕೆಯ ಹಿಂಬದಿ ಮೇಲೆ ಕೆಳಗೆ ಆಡುವುದು ಏಲೆರಾನೇ. ಪೇಟೆಂಟು ಹಿಡಿದು ಎಲ್ಲರ ದಾರಿಗೂ ಅಡ್ಡ ನಿಲ್ಲುವುದು ನನಗಂತೂ ಹಿಡಿಸಲಿಲ್ಲ. 1917ರಲ್ಲಿ ಯುದ್ಧಕ್ಕೆ ವಿಮಾನ ಬೇಕಾದಾಗ ಸರ್ಕಾರವೇ ಮುಂದೆ ನಿಂತು ಎಲ್ಲ ತಯಾರಕರೂ ಬಳಸುವಂತೆ ಪೇಟೆಂಟುಗಳನ್ನು ಒಂದೇ ಗಂಟಿಗೆ ಕಟ್ಟಿಸಬೇಕಾಯಿತು. ಆಮೇಲೆ ಕರ್ಟಿಸ್‌ನ ‘ಜೆನ್ನಿ’ ಸಾವಿರಗಟ್ಟಲೆ ತಯಾರಾಗಿ, ಅಮೆರಿಕದ ಪೈಲಟ್‌ಗಳ ಒಂದು ಇಡೀ ಪೀಳಿಗೆ ಅದರಲ್ಲೇ ಕಲಿಯಿತು.

ಹಾಗಂತ ಇವನೇನೂ ಸಾಚಾ ಅಲ್ಲ. ರೈಟ್‌ಗಳಿಗೂ ಮುಂಚೆ ಲ್ಯಾಂಗ್ಲಿ ಎಂಬ ವಿಜ್ಞಾನಿ ಕಟ್ಟಿ, ನದಿಗೆ ಬಿದ್ದಿದ್ದ ವಿಮಾನವನ್ನು 1914ರಲ್ಲಿ ಅಲ್ಲಲ್ಲಿ ಬದಲಾಯಿಸಿ ಹಾರಿಸಿ, ‘ನೋಡಿ, ಇದು ಮೊದಲೇ ಹಾರಬಲ್ಲದ್ದಾಗಿತ್ತು’ ಅನ್ನುವುದಕ್ಕೆ ಕೈಜೋಡಿಸಿದ. ಹಿಂದೆ ಲ್ಯಾಂಗ್ಲಿಯೇ ಮುಖ್ಯಸ್ಥನಾಗಿದ್ದ ಅಮೆರಿಕದ ಸ್ಮಿತ್‌ಸೋನಿಯನ್ ವಿಜ್ಞಾನ ಸಂಸ್ಥೆ ಅದನ್ನೇ ಎತ್ತಿಹಿಡಿಯಿತು. ಸಿಟ್ಟಿಗೆದ್ದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ಮೂಲ ವಿಮಾನವನ್ನೇ ಲಂಡನ್ನಿಗೆ ಕಳಿಸಿದ. ಅದು ವಾಪಸ್ ಬಂದದ್ದು 1948ರಲ್ಲಿ, ಆರ್ವಿಲ್ ಸತ್ತ ಮೇಲೆ.

ಆರ್ವಿಲ್ ವಿಮಾನವನ್ನು ಲಂಡನ್ನಿಗೆ ಕಳಿಸುವಷ್ಟರಲ್ಲಿ ಕರ್ಟಿಸ್ ವಿಮಾನದ ವ್ಯವಹಾರದಿಂದ ದೂರ ಸರಿದು ಫ್ಲಾರಿಡಾದಲ್ಲಿ ಊರು ಕಟ್ಟಿ ಸೈಟ್ ಮಾರುತ್ತಿದ್ದ (ನಮ್ಮ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ). 1929ರಲ್ಲಿ ಎರಡೂ ಕಡೆಯ ಕಂಪನಿಗಳು ಒಂದಾಗಿ ಹೆಸರು ಕರ್ಟಿಸ್-ರೈಟ್ ಆಯಿತು! ಮರುವರ್ಷ, 52ನೇ ವಯಸ್ಸಿಗೆ ಆತ ತೀರಿಕೊಂಡ. 1942ರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಿಸಿದ ‘ಹಾಕ್’ ಯುದ್ಧವಿಮಾನ ಇದೇ ಕರ್ಟಿಸ್-ರೈಟ್‌ನದು.