ಲಬೂಬುಗೂ ಒಂದು ಧಾರೆ ಸೀರೆ

ಕೋಲಾರದ ಎಂ.ಜಿ. ರಸ್ತೆಯ ಜವಳಿ ಅಂಗಡಿಯ ಫ್ಲೆಕ್ಸಿನಲ್ಲಿ ಈ ಸಲ ಮದುವೆ ಹೆಣ್ಣಿಲ್ಲ. ಅವಳ ಜಾಗದಲ್ಲಿ ಮೊಲದ ಕಿವಿ, ಬಾಯ್ತುಂಬ ಒಂಬತ್ತು ಚೂಪು ಹಲ್ಲಿರುವ ಲಬೂಬು ಎಂಬ ಗೊಂಬೆ ಧಾರೆ ಸೀರೆ ಉಟ್ಟು ನಿಂತಿದೆ. ಪಕ್ಕದಲ್ಲಿ ಮಾಲೀಕರು ಕೈ ಮುಗಿದಿದ್ದಾರೆ, ಯಾರಿಗೆ ಎಂಬುದು ಸ್ಪಷ್ಟವಿಲ್ಲ. ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಬಂದ ಅಜ್ಜಿಯರು ಒಮ್ಮೆ ತಲೆಯೆತ್ತಿ ನೋಡಿ, ಅಂಗಡಿಗೆ ದೃಷ್ಟಿಗೊಂಬೆ ಕಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು ಒಳಗೆ ಹೋಗುತ್ತಾರೆ.

ಲಬೂಬುವನ್ನು 2015ರಲ್ಲಿ ಬರೆದವರು ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲಂಗ್. 2019ರಿಂದ ಅದನ್ನು ಮಾರುತ್ತಿರುವುದು ಚೀನಾದ ಪಾಪ್ ಮಾರ್ಟ್. 2024ರಲ್ಲಿ ಕೊರಿಯಾದ ಪಾಪ್ ಗಾಯಕಿಯರ ಬ್ಲ್ಯಾಕ್‌ಪಿಂಕ್ ತಂಡದ ಲೀಸಾ ತನ್ನ ಬ್ಯಾಗಿಗೆ ನೇತುಹಾಕಿಕೊಂಡ ಮೇಲೆ ಜಗತ್ತೇ ಕ್ಯೂ ನಿಂತಿತು. ವ್ಯಾಪಾರದ ಗುಟ್ಟು ಇಷ್ಟೇ: ಡಬ್ಬ ಮುಚ್ಚಿರುತ್ತದೆ, ಒಳಗೆ ಯಾವ ಗೊಂಬೆ ಇದೆಯೆಂದು ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತದೆ. ಮೇಲೆ ದಪ್ಪ ಹಣ್ಣು, ಅಡಿಯಲ್ಲಿ ಗೋಲಿ ಗಾತ್ರದ್ದು ತುಂಬಿದ ಟೊಮೆಟೊ ಬಾಕ್ಸನ್ನು ನಮ್ಮ ಎಪಿಎಂಸಿಯಲ್ಲಿ ಯಾರೂ ಟ್ರೆಂಡ್ ಅನ್ನುವುದಿಲ್ಲ, ಬೋರಲು ಹಾಕಿ ಬೈಯುತ್ತಾರೆ.

ಫ್ಲೆಕ್ಸಿಗೆ ಮುಂಚೆ ಒಂದು ಮೀಟಿಂಗ್ ನಡೆದಿರುತ್ತದೆ. ಸೋಶಿಯಲ್ ಮೀಡಿಯಾ ನೋಡಿಕೊಳ್ಳುವ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾನೆ.

“ಏನಪ್ಪಾ, ಇದು ನಮ್ಮ ಕಸ್ಟಮರಿಗೆ ಗೊತ್ತಾ?”

“ಜೆನ್ ಝೀಗೆಲ್ಲ, ಅಂದ್ರೆ ಈಗಿನ ಹುಡುಗರಿಗೆಲ್ಲ ಗೊತ್ತು ಸಾರ್.”

“ಅವರು ಬಂದು ಸೀರೆ ತಗೊಂತಾರಾ?”

“ಅವರಮ್ಮ ತಗೊಂತಾರೆ ಸಾರ್.”

“ಅವರಮ್ಮಂಗೆ ಇದು ಗೊತ್ತಾ?”

ಹುಡುಗ ಮುಂದಿನ ಸ್ಲೈಡಿಗೆ ಹೋಗುತ್ತಾನೆ. ಅಲ್ಲಿ ತಿಂಗಳ ಪ್ಯಾಕೇಜ್ ಇದೆ: 12 ರೀಲ್, 8 ಪೋಸ್ಟ್, ಹಬ್ಬದ ಶುಭಾಶಯ ಫ್ರೀ.

ಟ್ರೆಂಡಿನ ಆಯುಸ್ಸು ಒಂದು ವಾರ, ಗಟ್ಟಿ ಪಿಂಡವಾದರೆ ಎರಡು. ನಮ್ಮ ಕಡೆ ಒಪ್ಪಿಗೆಯ ಆಯುಸ್ಸು ಅದಕ್ಕಿಂತ ಉದ್ದ. ಮಗ ಹೂಂ ಅಂದರೆ ಅಪ್ಪ ನೋಡಬೇಕು, ಅಪ್ಪ ನೋಡಿದರೆ ಪಾಲುದಾರ ಚಿಕ್ಕಪ್ಪ ತಿರುಪತಿಯಿಂದ ಬರಬೇಕು. ಚಿಕ್ಕಪ್ಪ ಬಂದು, ಆಷಾಢದಲ್ಲಿ ಹೊಸದೇನೂ ಬೇಡ, ಶ್ರಾವಣ ಬರಲಿ ಅನ್ನುತ್ತಾರೆ. ಶ್ರಾವಣಕ್ಕೆ ಸರ್ವೆ ಕಂಬ ನೆಟ್ಟು ಫ್ಲೆಕ್ಸ್ ಕಟ್ಟುವ ಹೊತ್ತಿಗೆ ಆ ಜೆನ್ ಝೀ ಬ್ಯಾಗಿನಿಂದ ಗೊಂಬೆ ಕಳಚಿ, ಎಲ್ಲಿಟ್ಟಿತೆಂದೂ ಮರೆತಿರುತ್ತದೆ.

ಇನ್ನು ಫ್ಲೆಕ್ಸಿನ ಗತಿ. ಮೊಬೈಲಿನಲ್ಲಿ ಕಣ್ಣು ಕುಕ್ಕುವ ಗುಲಾಬಿ ಬೆಳಕಿನಿಂದ ಆದದ್ದು. ಪ್ರಿಂಟಿಂಗ್ ಮೆಷೀನಿನಲ್ಲಿ ಇರುವುದು ನಾಲ್ಕು ಶಾಯಿ. ಬೆಳಕಿನ ಲೆಕ್ಕದ ಆರ್‌ಜಿಬಿ ಫೈಲನ್ನು ಶಾಯಿಯ ಲೆಕ್ಕದ ಸಿಎಂವೈಕೆಗೆ ತಿರುಗಿಸಿ ನೋಡದೆ ಹಾಗೇ ಕಳಿಸಿದರೆ ಗುಲಾಬಿ ಹೋಗಿ ಮಾಸಿದ ಇಟ್ಟಿಗೆ ಬಣ್ಣ ಬರುತ್ತದೆ. ಅಕ್ಷರದ ಪಾಡು ಇನ್ನೂ ಚೆಂದ. ವಾಟ್ಸ್ಆ್ಯಪಿನಲ್ಲಿ ಬಂದ ಯೂನಿಕೋಡ್ ಸಾಲನ್ನು ಹಳೆಯ ಫೋಟೊಶಾಪಿಗೆ ಅಂಟಿಸುವ ಮುನ್ನ, ನಮ್ಮ ಲಿಪಿ ಜೋಡಿಸಬಲ್ಲ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು. ಇಲ್ಲವಾದರೆ ಒತ್ತಕ್ಷರ ಕೆಳಗೆ ಕೂರದೆ ‘ವಸ್ತ್ರ’ವು ‘ವಸ್‌ತ್‌ರ’ ಆಗುತ್ತದೆ. ಚಿತ್ರದ ಜೊತೆಗೆ ಅಕ್ಷರವನ್ನೂ ಎಐ ಕೈಯಲ್ಲೇ ಬರೆಸಿ ಅದು ಕೆಟ್ಟರೆ ಯಾವ ಕಂಪೋಸರೂ ಕಾಪಾಡಲಾರದು. 2025ರ ಮಾರ್ಚಿನಲ್ಲಿ ಎಲ್ಲರ ಮುಖವೂ ಜಪಾನಿನ ಘಿಬ್ಲಿ ಸ್ಟುಡಿಯೊದ ಕಾರ್ಟೂನಿನಂತೆ ಆಯಿತಲ್ಲ, ಆಗ ಸಿಮೆಂಟ್ ಡೀಲರಿನಿಂದ ಹಿಡಿದು ದಂತವೈದ್ಯರವರೆಗೆ ಎಲ್ಲರ ಕಣ್ಣೂ ಮುದ್ದಾಗಿದ್ದವು, ಬೋರ್ಡ್ ಮಾತ್ರ ಯಾವ ಲಿಪಿಯಲ್ಲಿದೆ ಎಂದು ಅವರವರೇ ಹೇಳಬೇಕಿತ್ತು.

ರೀಲಿಗೆ ಬರೋಣ. ಅಳತೆ 1080 × 1920 ಪಿಕ್ಸೆಲ್. ಜಾಹೀರಾತು ರೀಲಿನಲ್ಲಿ ಮೇಲಿನ ಶೇ 14, ಕೆಳಗಿನ ಶೇ 35 ಭಾಗ ಖಾಲಿ ಬಿಡಿ ಎಂದು ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯೇ ಹೇಳುತ್ತದೆ, ಏಕೆಂದರೆ ಖಾತೆಯ ಹೆಸರು, ಕ್ಯಾಪ್ಷನ್, ಬಟನ್ನು ಅಲ್ಲೇ ಬಂದು ಕೂರುತ್ತವೆ. ನಮ್ಮವರು ವಿಳಾಸ, ಫೋನ್ ನಂಬರ್, ‘ಡೂಮ್ ಲೈಟ್ ಸರ್ಕಲ್ ಹತ್ತಿರ’ ಎಲ್ಲವನ್ನೂ ನಿಷ್ಠೆಯಿಂದ ಅಲ್ಲೇ ತುಂಬುತ್ತಾರೆ. ಸೇಲ್ಸ್ ಹುಡುಗಿಯರು ಕುಣಿದದ್ದು ಕಾಣುತ್ತದೆ, ಯಾವ ಅಂಗಡಿಯವರೆಂದು ಕಾಣುವುದಿಲ್ಲ. ಹಾಡಿನದು ಬೇರೆ ರಗಳೆ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡು ಸಲೀಸಾಗಿ ಸಿಗುವುದಿಲ್ಲ, ಏಕೆಂದರೆ ಲೈಸೆನ್ಸ್ ವೈಯಕ್ತಿಕ ಬಳಕೆಗೆ, ವ್ಯಾಪಾರಕ್ಕಲ್ಲ. ಅದಕ್ಕೆ ಮಗನ ಸ್ವಂತ ಖಾತೆಯಿಂದ ಹಾಕುತ್ತಾರೆ. ಹಾಡಿನ ಹಕ್ಕುದಾರರು ಕ್ಲೇಮ್ ಹಾಕಿದೊಡನೆ ಸದ್ದು ಹೋಗುತ್ತದೆ, ಮಾಲೀಕರು ಮೌನದಲ್ಲೇ ಸೊಂಟ ತಿರುಗಿಸುತ್ತಿರುತ್ತಾರೆ. ಅಂಗಡಿ ಖಾತೆಯ ಬೇರೆ ರೀಲಿಗೆ, ದುಡ್ಡು ಕೊಟ್ಟು ಹಬ್ಬಿಸುವ ಬೂಸ್ಟ್ ಒತ್ತುವಾಗ ಕೋಲಾರದ ಸುತ್ತ 35 ಕಿ.ಮೀ. ಎಂದು ಗುರುತಿಸಿದ್ದರೆ ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದವರು ನೋಡುತ್ತಿದ್ದರು. ‘ಇಂಡಿಯಾ’ ಎಂದು ಬಿಟ್ಟಿದ್ದರಿಂದ ಗೋರಖ್‌ಪುರದ ಯಾರೋ ಭೈಯಾ ಹಾರ್ಟ್ ಒತ್ತಿದ್ದಾನೆ. ಅವನು ಧಾರೆ ಸೀರೆಗೆ ಇಲ್ಲಿತನಕ ಬರುವಂತಿಲ್ಲ.

ಬೇಕರಿಗಳದು ದುಬೈ ಸಂಬಂಧ, ಅಂದರೆ ಟ್ರೆಂಡಾದ ದುಬೈ ಚಾಕೊಲೇಟ್. ಆ ಚಾಕೊಲೇಟಿನ ಒಳಗಿರುವುದು ಪಿಸ್ತಾ ಪೇಸ್ಟ್, ಎಳ್ಳಿನ ತಹಿನಿ, ಕದಾಯಿಫ್ ಎಂಬ ಹಿಟ್ಟಿನ ಹುರಿದ ಎಳೆ. ಎಣ್ಣೆಯಂಶವೇ ಹೆಚ್ಚಿದ್ದು ನೀರು ತಾಕದ್ದರಿಂದ ಎಳೆ ಗರಿಗರಿ ಉಳಿಯುತ್ತದೆ. ಇಲ್ಲಿ ಪಿಸ್ತಾ ಬದಲು ಹಸಿರು ಬಣ್ಣದ ಕಡಲೆಬೀಜ, ಕದಾಯಿಫ್ ಬದಲು ಶಾವಿಗೆ, ತಹಿನಿ ಬದಲು ಖೋವಾ. ಖೋವಾದ ತೇವಕ್ಕೆ ಶಾವಿಗೆ ಮಧ್ಯಾಹ್ನದೊಳಗೆ ಪಾಯಸವಾಗುತ್ತದೆ. ಫುಡ್ ವ್ಲಾಗರ್ ಬರುವುದು ಸಂಜೆ. ಬಾಯಿಗೆ ಇಡುವ ಮೊದಲೇ “ಗುರೂ, ಬೆಂಕಿ!” ಅನ್ನುವುದರಿಂದ ತೊಂದರೆಯಿಲ್ಲ. ದುಡ್ಡು ಪಡೆದು ಹೇಳಿದ್ದರೆ ಜಾಹೀರಾತು ಎಂದು ತೋರಿಸಬೇಕೆಂಬ ನಿಯಮವಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಆದರೆ ಕೊಟ್ಟದ್ದು ದುಡ್ಡಲ್ಲ, ಎರಡು ಪ್ಲೇಟ್ ಗೋಬಿ ಎಂಬುದು ಎರಡೂ ಕಡೆಯವರ ವಾದ. ಕಾನೂನು ಉಚಿತ ಉಡುಗೊರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಗೋಬಿಯೂ ಸೇರಿ.

ಗೆದ್ದವರ ಹೆಗಲೇರುವುದಂತೂ ಹಳೆ ಚಾಳಿ. 2021ರಲ್ಲಿ ಪಿ.ವಿ. ಸಿಂಧು ಟೋಕಿಯೊದಲ್ಲಿ ಕಂಚು ಗೆದ್ದಾಗ ಅಭಿನಂದನೆಯ ನೆಪದಲ್ಲಿ ಅವರ ಚಿತ್ರ ಬಳಸಿದ ದೊಡ್ಡ ದೊಡ್ಡ ಕಂಪನಿಗಳಿಗೇ ನೋಟಿಸ್ ಹೋಗಿತ್ತು. ಆದರೂ 2025ರ ಜೂನ್ 3ರಂದು ಆರ್‌ಸಿಬಿ 18ನೇ ಸೀಸನ್ನಿನಲ್ಲಿ ಕಪ್ ಎತ್ತಿದಾಗ ಅಂಡರ್‌ವೇರ್‌ನಿಂದ ಅಡಿಕೆ ಪುಡಿವರೆಗೆ ಎಲ್ಲವೂ ‘ನಮ್ದೇ’ ಆದವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮುಂಗಡ ಶೆಡ್ಯೂಲ್ ಮಾಡಿಟ್ಟ ಪೋಸ್ಟಿಗೆ ಟಿವಿ ನೋಡುವ ಅಭ್ಯಾಸವಿಲ್ಲ, ಸಂಜೆ ಏಳಕ್ಕೆ ಹಾಕೆಂದರೆ ಏಳಕ್ಕೇ ಪಟಾಕಿ ಹಚ್ಚುತ್ತದೆ. ಪ್ಯಾಕೇಜಿನಲ್ಲಿ ಅದನ್ನು ತಡೆಯುವ ಕೆಲಸ ಯಾರದೆಂದು ಬರೆದಿರುವುದಿಲ್ಲ.

ಇಷ್ಟೆಲ್ಲದರ ನಡುವೆ ಬಂಗಾರಪೇಟೆ ಪಾನಿಪೂರಿ ಎಂಬುದೊಂದಿದೆ. ತಿಳಿನೀರಿನಂಥ ಪಾನಿ, ತಲೆ ಸುತ್ತುವ ಖಾರ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಅದರ ಬೋರ್ಡಿದೆ, ಒಂಬತ್ತು ಹಲ್ಲಿನ ಸಹಾಯವಿಲ್ಲದೆ ಹಬ್ಬಿದ್ದು. ಸದ್ಯ ಅದಕ್ಕೂ ಒಂದು ಕ್ರಿಯೇಟಿವ್ ಟೀಮ್ ಬೇಕೆಂದು ಯಾರಿಗೂ ಹೊಳೆದಿಲ್ಲ.

2023ರ ಜುಲೈನಲ್ಲಿ ಹಾಲಿವುಡ್ಡಿನ ‘ಬಾರ್ಬಿ’ ಗೊಂಬೆ ಸಿನಿಮಾದ ನೆಪದಲ್ಲಿ ಮಾರ್ಕೆಟಿಂಗ್ ಲೋಕವೆಲ್ಲ ಗುಲಾಬಿ ಬಳಿದುಕೊಂಡಿತ್ತು. ಅದೇ ತಿಂಗಳು ಕೋಲಾರ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿ, ದೇಶದ ಅರ್ಧ ಮೀಮು ಅದರ ಮೇಲೇ ಓಡುತ್ತಿದ್ದವು. ಮಧ್ಯಪ್ರದೇಶದ ಅಶೋಕನಗರದಲ್ಲಿ ಒಂದು ಮೊಬೈಲ್ ಅಂಗಡಿ, ಸ್ಮಾರ್ಟ್‌ಫೋನ್ ಕೊಂಡರೆ 2 ಕಿಲೋ ಟೊಮೆಟೊ ಉಚಿತ ಎಂದು ಬೋರ್ಡ್ ಹಾಕಿ ದೇಶಕ್ಕೆಲ್ಲ ಸುದ್ದಿಯಾಯಿತು. ಟೊಮೆಟೊ ತವರಿನ ನಮ್ಮ ಅಂಗಡಿಗಳಿಗೆ ಆಗ ಪುರುಸೊತ್ತಿರಲಿಲ್ಲ. ಷಟರಿಗೆ ಗುಲಾಬಿ ಬಣ್ಣ ಹೊಡೆಸುತ್ತಿದ್ದವು.